ನೂರು ಮಂದಿಯ ಕ್ಲಾಸಿನಲ್ಲಿ ನಾಲ್ವರ ಮಾತು



ಡಾಕ್ಟರಾಗುವ ಆಸೆಯವರಿಗೆ ಕೆಮಿಸ್ಟ್ರಿ ಬೇಕು, ಎಂಜಿನಿಯರಾಗುವವರಿಗೆ ಬೇಕು, ಬಿಎಸ್ಸಿ ಅಗ್ರಿ ಸೀಟಿಗೆ ಕಾದು ಕೂತವರಿಗೂ ಬೇಕು. ಡಿಗ್ರಿಗೆ ಬಂದರೆ ಪಿಸಿಎಂ, ಸಿಬಿಜೆಡ್ ಎರಡೂ ಕಾಂಬಿನೇಷನ್ನಿನಲ್ಲಿ ಇರುವ ವಿಷಯ ಇದೊಂದೇ. ಹಾಗಾಗಿ ಲೆಕ್ಚರರ್ ಸಾಲದೆ ಸೆಕ್ಷನ್ನುಗಳನ್ನು ಕೂಡಿಸಿ ಕೂರಿಸುವ ಸಂದರ್ಭ ಬಂತೆಂದರೆ ಮೊದಲು ತುಂಬಿ ತುಳುಕುವುದು ಕೆಮಿಸ್ಟ್ರಿ ಪೀರಿಯಡ್ಡು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳಿಗೆ ಬರುವ ಮಕ್ಕಳಲ್ಲಿ ಹಳ್ಳಿಯವರೇ ಹೆಚ್ಚು. ಅರಕೆರೆ, ಚಿನಕುರಳಿ, ಕಿಕ್ಕೇರಿ, ಬಿಂಡಿಗನವಿಲೆ ಕಡೆಯಿಂದ ಬಸ್ಸು ಹಿಡಿದು ಬಂದು, ಉಸಿರು ಬಿಡುವಷ್ಟರಲ್ಲಿ ಬೋರ್ಡಿನ ಮೇಲೆ ಮೋಲ್ ಕಾನ್ಸೆಪ್ಟ್ ಶುರುವಾಗಿರುತ್ತದೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದವರಿಗೆ ಪಾಠವೂ ಇಂಗ್ಲಿಷಿನದು, ಪುಸ್ತಕವೂ ಇಂಗ್ಲಿಷಿನದು.

ಮೇಷ್ಟ್ರು ನಡುನಡುವೆ ಕೇಳುತ್ತಾರೆ: "ಅರ್ಥ ಆಯ್ತೇನ್ರೊ?" ನೂರು ಬಾಯಿಂದ ಒಂದೇ ಉತ್ತರ: "ಹೂಂ ಸಾ." ಈ "ಹೂಂ ಸಾ" ಎಂಬುದಕ್ಕೆ ಅರ್ಥವಾಯಿತೆಂದೂ ಅಲ್ಲ, ಆಗಲಿಲ್ಲವೆಂದೂ ಅಲ್ಲ, ಮುಂದಕ್ಕೆ ಹೋಗಿ, ಬಸ್ಸಿಗೆ ಹೊತ್ತಾಗುತ್ತದೆ ಎಂದು ಅರ್ಥ. ಎದ್ದು ನಿಂತು "ಸಾ, ನನಗಾಗಲಿಲ್ಲ" ಎನ್ನಲು ನೂರು ಜನರ ನಡುವೆ ಯಾರಿಗೆ ಧೈರ್ಯವಿದೆ? ಹುಡುಗಿಯರ ಸಾಲಿನಲ್ಲಂತೂ ಆ ಮಾತೇ ಬೇಡ. ಲೆಕ್ಚರರ್ ಚೆನ್ನಾಗಿ ಪಾಠ ಮಾಡಲಿಲ್ಲವೆಂದು ನಾನು ಹೇಳುತ್ತಿಲ್ಲ. ಎಷ್ಟೋ ಸಲ ಬಹಳ ಚೆನ್ನಾಗಿಯೇ ಮಾಡಿರುತ್ತಾರೆ, ತೊಡಕಿರುವುದು ಅಲ್ಲೇ. ಚೆನ್ನಾದ ಉಪನ್ಯಾಸ ಕೇಳುವಾಗ ಎಲ್ಲವೂ ಗೊತ್ತಾದಂತೆ ಇರುತ್ತದೆ. ಲೆಕ್ಕ ಮಾಡಲು ಕೂತಾಗ ಕೈ ಓಡುವುದಿಲ್ಲ.

ಈ ಮಕ್ಕಳು ಮೊದಲಿನಿಂದಲೂ ಹೀಗೆ ಬಾಯಿ ಮುಚ್ಚಿ ಕೂತವರಲ್ಲ ಎಂಬುದು ನನಗೆ ಮತ್ತೆ ಮತ್ತೆ ನೆನಪಾಗುವ ಸಂಗತಿ. 1995ರಲ್ಲಿ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ನಲಿಕಲಿ ಎಂಬ ಕಲಿಕೆಯ ಪದ್ಧತಿ ಶುರುವಾಯಿತು. ಅಲ್ಲಿನ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು ಆಂಧ್ರದ ಋಷಿವ್ಯಾಲಿಗೆ ಹೋಗಿ ಅಲ್ಲಿನ ಶಾಲೆಗಳನ್ನು ನೋಡಿ ಬಂದರು. ಯುನಿಸೆಫ್ ನೆರವು ಸಿಕ್ಕಿತು. ಕಲಿಕೆಯ ಕಾರ್ಡುಗಳನ್ನು ತಾವೇ ಒಟ್ಟಿಗೆ ಕೂತು ಬರೆದರು. ಸಾಲುಬೆಂಚು ಹೋಯಿತು, ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತರು. ಗೋಡೆಯ ಕೆಳಭಾಗದಲ್ಲಿ ಅವರ ಕೈಗೆಟುಕುವ ಎತ್ತರಕ್ಕೆ ಕಪ್ಪು ಹಲಗೆ, ಮೇಲೆ ತೂಗುವ ಕಲಿಕಾ ಚಪ್ಪರ, ಯಾರು ಎಲ್ಲಿಗೆ ಬಂದಿದ್ದಾರೆಂದು ತೋರಿಸುವ ಕಲಿಕಾ ಏಣಿ. ಗುಂಪುಗಳನ್ನು ತಟ್ಟೆ ಎಂದು ಕರೆದರು. ಒಂದು ತಟ್ಟೆಗೆ ಮೇಷ್ಟ್ರ ಪೂರ್ತಿ ಸಹಾಯ, ಇನ್ನೊಂದಕ್ಕೆ ಅರ್ಧ ಸಹಾಯ. ಮತ್ತೆರಡಕ್ಕೆ ಗೆಳೆಯರದೇ ಸಹಾಯ. ಕೊನೆಯದರಲ್ಲಿ ಮಗು ತಾನೇ ಕಲಿಯುವುದು. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಲೆಕ್ಕ ಹಾಕಿ: ಆ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಗು 2021ರ ಹೊತ್ತಿಗೆ ಡಿಗ್ರಿ ಮೊದಲ ವರ್ಷದಲ್ಲಿತ್ತು. ಅಂದರೆ ಇವತ್ತು ನಮ್ಮ ಮುಂದೆ "ಹೂಂ ಸಾ" ಎನ್ನುವವರಲ್ಲಿ ಸರ್ಕಾರಿ ಕನ್ನಡ ಶಾಲೆಯಿಂದ ಬಂದವರು ಬಹುಪಾಲು ಆರನೇ ವಯಸ್ಸಿನಲ್ಲಿ ಗುಂಪಿನಲ್ಲಿ ಕೂತು, ಗೆಳೆಯನಿಗೆ ಹೇಳಿಕೊಟ್ಟು, ಗೆಳತಿಯಿಂದ ಹೇಳಿಸಿಕೊಂಡು ಕಲಿತವರು. ನಲಿಕಲಿಯನ್ನು ಬೈಯುವ ಪೋಷಕರೂ ಇದ್ದಾರೆ, ಮೇಷ್ಟ್ರುಗಳೂ ಇದ್ದಾರೆ. ಎಲ್ಲ ಶಾಲೆಯಲ್ಲೂ ಅದು ಸರಿಯಾಗಿ ನಡೆಯಿತೆಂದು ನಾನೂ ಹೇಳಲಾರೆ. ಆದರೆ ನಲಿಕಲಿ ಮುಗಿಯುವ ಮೂರನೇ ಕ್ಲಾಸು ದಾಟಿದ ಮೇಲೆ ಆ ಅಭ್ಯಾಸವನ್ನು ಬಿಡಿಸಿದವರು ನಾವೇ.

ಕಾಲೇಜಿನ ಕೆಮಿಸ್ಟ್ರಿಯಲ್ಲಿ ಹೀಗೆ ಗುಂಪಿನಲ್ಲಿ ಕಲಿಸುವ ಕೆಲಸವನ್ನು ಗಂಭೀರವಾಗಿ ಮಾಡಿದವರು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಫ್ರಾಂಕ್ಲಿನ್ ಅಂಡ್ ಮಾರ್ಷಲ್ ಎಂಬ ಸಣ್ಣ ಕಾಲೇಜಿನವರು. 1994ರಲ್ಲಿ ರಿಚರ್ಡ್ ಮೂಗ್, ಜೇಮ್ಸ್ ಸ್ಪೆನ್ಸರ್, ಜಾನ್ ಫ್ಯಾರೆಲ್ ಎಂಬ ಮೂವರು ಅಧ್ಯಾಪಕರು ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ಉಪನ್ಯಾಸವನ್ನು ಬದಿಗಿಟ್ಟು ಮಕ್ಕಳ ಕೈಗೆ ಹಾಳೆ ಕೊಟ್ಟರು. ಮುಂದೆ ಅದಕ್ಕೆ ಪೋಗಿಲ್ ಎಂಬ ಹೆಸರು ನಿಂತಿತು. ಅದರ ಹಾಳೆಯಲ್ಲಿ ವ್ಯಾಖ್ಯೆ ಮೊದಲು ಬರುವುದಿಲ್ಲ. ಮೊದಲು ಒಂದು ಪಟ್ಟಿಯೋ ಚಿತ್ರವೋ ಇರುತ್ತದೆ. ಆಮೇಲೆ ಅದನ್ನು ನೋಡಿದರೇ ಉತ್ತರ ಹೊಳೆಯುವ ಸುಲಭ ಪ್ರಶ್ನೆಗಳು. ಅವುಗಳ ಮೇಲೆ ಕಾಲಿಟ್ಟು ಏರಬೇಕಾದ ಎರಡು ಮೂರು ಪ್ರಶ್ನೆಗಳು. ನಿಯಮ ಏನೆಂದು ಮಕ್ಕಳೇ ತಮ್ಮ ಮಾತಿನಲ್ಲಿ ಬರೆದ ಮೇಲೆ ಮೇಷ್ಟ್ರು ಅದಕ್ಕೆ ಹೆಸರು ಹೇಳುತ್ತಾರೆ. ಕೊನೆಗೆ ಆ ನಿಯಮವನ್ನು ಹೊಸ ಲೆಕ್ಕಕ್ಕೆ ಹಾಕುವುದು. ನಾಲ್ವರ ಗುಂಪಿನಲ್ಲಿ ಒಬ್ಬರು ಹೊತ್ತು ನೋಡಿಕೊಂಡು ಎಲ್ಲರನ್ನೂ ಮಾತಿಗೆಳೆಯುವ ಮ್ಯಾನೇಜರ್, ಒಬ್ಬರು ಬರೆಯುವವರು, ಒಬ್ಬರು ಕ್ಲಾಸಿಗೆ ಎದ್ದು ಹೇಳುವವರು, ಮತ್ತೊಬ್ಬರು ಗುಂಪು ಹೇಗೆ ಕೆಲಸ ಮಾಡಿತೆಂದು ಗಮನಿಸುವವರು. ವಾರಕ್ಕೊಮ್ಮೆ ಪಾತ್ರ ಬದಲು. ಇಲ್ಲವಾದರೆ ಅಕ್ಷರ ದುಂಡಗಿರುವ ಹುಡುಗಿ ವರ್ಷಪೂರ್ತಿ ಬರೆಯುತ್ತಲೇ ಇರುತ್ತಾಳೆ.

ನಮ್ಮ ಜಿಲ್ಲೆಗೆ ಹೊಂದುವ ಒಂದು ಹಾಳೆಯನ್ನು ನಿಮ್ಮ ಮುಂದೆ ಬಿಡಿಸುತ್ತೇನೆ. ವಿಷಯ ಲಿಥಿಯಂ. ಶ್ರೀರಂಗಪಟ್ಟಣದ ಹತ್ತಿರದ ಮರಳಗಾಲ, ಅಲ್ಲಾಪಟ್ಟಣದ ಬಂಡೆಗಳಲ್ಲಿ ಲಿಥಿಯಂ ಇದೆಯೆಂದು 2020ರಲ್ಲಿ ಪತ್ರಿಕೆಗಳಲ್ಲಿ ಬಂದದ್ದು ನಿಮಗೆ ನೆನಪಿರಬಹುದು. ಮೊದಲು 14,100 ಟನ್ ಎಂದರು. ಆಮೇಲೆ ಪರಮಾಣು ಖನಿಜಗಳ ನಿರ್ದೇಶನಾಲಯದ ಅಂದಾಜು 1,600 ಟನ್ನಿಗೆ ಇಳಿಯಿತು. ಬ್ಯಾಟರಿಯ ಕಾಲ ಇದು, ಮಕ್ಕಳಿಗೆ ಕುತೂಹಲವಿದೆ. ಹಾಳೆಯ ಮೇಲ್ಭಾಗದಲ್ಲಿ ಐದು ಸಾಲಿನ ಪಟ್ಟಿ: ಎರಡು ಬಗೆಯ ಲಿಥಿಯಂ, ಒಂದು ಲಿಥಿಯಂ ಅಯಾನು, ಎರಡು ಬಗೆಯ ಕಾರ್ಬನ್. ಪ್ರತಿಯೊಂದರ ಮುಂದೆ ಪ್ರೋಟಾನ್, ನ್ಯೂಟ್ರಾನ್, ಎಲೆಕ್ಟ್ರಾನ್ ಎಷ್ಟೆಷ್ಟು ಎಂಬ ಅಂಕಿ. ಐಸೊಟೋಪ್ ಎಂಬ ಪದ ಎಲ್ಲೂ ಇಲ್ಲ.

ಮೊದಲ ಪ್ರಶ್ನೆ: ಲಿಥಿಯಂನ ಮೂರೂ ಸಾಲಿನಲ್ಲಿ ಯಾವ ಅಂಕಿ ಬದಲಾಗಿಲ್ಲ? ಎಂಥವರಿಗೂ ಕಾಣುತ್ತದೆ, ಪ್ರೋಟಾನ್ ಮೂರು. ನ್ಯೂಟ್ರಾನ್ ಒಂದರಲ್ಲಿ ಮೂರು, ಒಂದರಲ್ಲಿ ನಾಲ್ಕು. ಅಯಾನಿನಲ್ಲಿ ಎಲೆಕ್ಟ್ರಾನ್ ಒಂದು ಕಡಿಮೆ. ಹಾಗಾದರೆ ಲಿಥಿಯಂ ಲಿಥಿಯಮ್ಮೇ ಆಗಿ ಉಳಿಯುವುದು ಯಾವುದರಿಂದ, ಒಂದು ವಾಕ್ಯ ಬರೆಯಿರಿ. ಇಲ್ಲಿ ನಿಲ್ಲಬೇಕು. ಎರಡು ಗುಂಪುಗಳು ತಾವು ಬರೆದದ್ದನ್ನು ಓದುತ್ತವೆ, ಆಮೇಲೆ ಮೇಷ್ಟ್ರು ಬೋರ್ಡಿನ ಮೇಲೆ ಅಟಾಮಿಕ್ ನಂಬರ್ ಎಂದು ಬರೆಯುತ್ತಾರೆ. ಇಷ್ಟರವರೆಗೆ ಸಲೀಸು.

ಮಜಾ ಬರುವುದು ಮುಂದಿನ ಪ್ರಶ್ನೆಗೆ. ಪ್ರಕೃತಿಯಲ್ಲಿ ಸಿಗುವ 100 ಲಿಥಿಯಂ ಪರಮಾಣುಗಳಲ್ಲಿ ಸುಮಾರು 92 ಏಳರ ತೂಕದವು, ಉಳಿದವು ಆರರವು. ಪೀರಿಯಾಡಿಕ್ ಟೇಬಲ್ಲಿನಲ್ಲಿ 6.94 ಎಂದು ಯಾಕೆ ಬರೆದಿದೆ? ಇಂಥ ಹಾಳೆ ಕೊಟ್ಟಾಗ ಹಿಂದಿನ ಬೆಂಚಿನಲ್ಲಿ ನಡೆಯುವ ಮಾತು ಹೀಗಿರುತ್ತದೆ:

"ಆರು, ಏಳು ಕೂಡ್ಸಿ ಎರಡ್ರಲ್ಲಿ ಭಾಗ್ಸು. ಆರೂವರೆ ಕಣ್ಲಾ."

"ಇಲ್ಲಿ 6.94 ಅಂತ ಐತಲ್ಲ?"

"ಪ್ರಿಂಟ್ ಮಿಸ್ಟೇಕ್ ಇರ್ಬೇಕು."

"ಥೂ, ಅದೆಂಗೆ? ನಮ್ ಡೇರೀಲಿ ಕ್ಯಾನಿಗೆ ಎಲ್ಲಾರ ಹಾಲೂ ಸುರೀತಾರಲ್ಲ, ಹತ್ ಲೀಟ್ರು ಹಾಕೋರ ಫ್ಯಾಟೂ ಅರ್ಧ ಲೀಟ್ರು ಹಾಕೋರ ಫ್ಯಾಟೂ ಒಂದೇ ಲೆಕ್ಕನಾ? ಜಾಸ್ತಿ ಹಾಕ್ದೋರ ಕಡೀಗೇ ವಾಲ್ತದೆ."

"ಅಂದ್ರೆ ಏಳು ಜಾಸ್ತಿ ಐತೆ, ಅದ್ಕೆ ಏಳರ ಪಕ್ಕಕ್ಕೆ ಬಂತು ಅಂತೀಯಾ?"

ಸರಾಸರಿಯಲ್ಲಿ ಯಾವುದು ಎಷ್ಟಿದೆ ಎಂಬುದಕ್ಕೂ ಬೆಲೆಯಿದೆ ಎಂದು ನಾನು ಬೋರ್ಡಿನ ಮೇಲೆ ಸೂತ್ರ ಬರೆದು ಹೇಳಬಹುದಿತ್ತು, ಅವರು ಬರೆದುಕೊಳ್ಳಬಹುದಿತ್ತು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಹುಡುಗಿ ಅದನ್ನು ತನ್ನ ಲೆಕ್ಕದಲ್ಲೇ ಬಿಡಿಸಿದಳು. ಪಕ್ಕದವನ "ಪ್ರಿಂಟ್ ಮಿಸ್ಟೇಕ್" ಕೂಡ ಸಣ್ಣದಲ್ಲ. ಮಕ್ಕಳ ತಲೆಯೊಳಗೆ ಏನಿದೆಯೆಂದು ಮೇಷ್ಟ್ರ ಕಿವಿಗೆ ಬೀಳುವುದು ಇಂಥ ಮಾತಿನಲ್ಲೇ. ಲೆಕ್ಕ ಹಾಕಿದ ಗುಂಪಿಗೆ 6.92 ಬರುತ್ತದೆ, 6.94 ಬರುವುದಿಲ್ಲ. "ಸಾ, ಎರಡು ಪಾಯಿಂಟ್ ಎಲ್ಲೋಯ್ತು?" ಎಂದು ಕೇಳುತ್ತಾರೆ. ಐಸೊಟೋಪುಗಳ ತೂಕ ಸರಿಯಾಗಿ ಆರು, ಏಳು ಅಲ್ಲ, ಅದಕ್ಕಿಂತ ಒಂದು ಚೂರು ಹೆಚ್ಚು. 92 ಎನ್ನುವುದೂ ಅಂದಾಜು. ಇದನ್ನು ಐದು ನಿಮಿಷ ಉಪನ್ಯಾಸ ಮಾಡಿದರೆ ಆಗ ಕಿವಿಗೊಡುತ್ತಾರೆ, ಪ್ರಶ್ನೆ ಅವರದೇ ಅಲ್ಲವೆ!

"ನೂರು ಜನಕ್ಕೆ ಇದಾಗುತ್ತದೆಯೆ ಸ್ವಾಮಿ?" ಎಂದು ಕೇಳಬೇಕಾದ್ದೇ. ನಮ್ಮ ಡೆಸ್ಕುಗಳು ಉದ್ದನೆಯವು, ಕೆಲವೆಡೆ ನೆಲಕ್ಕೆ ಬೋಲ್ಟು ಹಾಕಿದವು. ದುಂಡುಮೇಜು ಕನಸಿನ ಮಾತು. ಆದರೆ ಒಂದನೇ ಸಾಲಿನವರು ಹಿಂದಕ್ಕೆ ತಿರುಗಿ ಎರಡನೇ ಸಾಲಿನವರ ಮುಖ ನೋಡಿದರೆ ಗುಂಪಾಯಿತು. ಮೂರನೇ ಸಾಲು ನಾಲ್ಕಕ್ಕೆ, ಐದು ಆರಕ್ಕೆ. ಜಾಗವಿದ್ದರೆ ಎರಡು ಸಾಲು ತುಂಬಿಸಿ ಒಂದು ಸಾಲು ಖಾಲಿ ಬಿಡಿ, ನಡುವೆ ಓಡಾಡಲು ಬೇಕು. 25 ಗುಂಪುಗಳ ಹತ್ತಿರವೂ ಹೋಗಲು ಒಬ್ಬರಿಂದ ಆಗುವುದಿಲ್ಲ. ಅದಕ್ಕೇ ಹಾಳೆಯಲ್ಲಿ ಎರಡು ಮೂರು ಕಡೆ "ಇಲ್ಲಿ ನಿಲ್ಲಿ" ಎಂಬ ಗುರುತು. ಅಲ್ಲಿ ಎಲ್ಲರೂ ಒಟ್ಟಿಗೆ ನಿಂತು, ಚೀಟಿ ಎತ್ತಿ ಯಾವ ಗುಂಪು ಬಂತೋ ಆ ಗುಂಪು ಉತ್ತರ ಹೇಳುವುದು. ಯಾರ ಚೀಟಿ ಬರುತ್ತದೋ ಎಂಬ ಭಯಕ್ಕೆ ಹಿಂದಿನ ಬೆಂಚೂ ಎಚ್ಚರವಾಗಿರುತ್ತದೆ. ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ 1990ರ ದಶಕದಲ್ಲಿ ಹಿರಿಯ ವಿದ್ಯಾರ್ಥಿಗಳನ್ನೇ ಕಿರಿಯರ ಕೆಮಿಸ್ಟ್ರಿ ಗುಂಪುಗಳಿಗೆ ಜೊತೆ ಮಾಡಿದರು. ಡಿಗ್ರಿ ಕಾಲೇಜಿನಲ್ಲಿ ಮೂರನೇ ವರ್ಷದ ನಾಲ್ಕು ಮಕ್ಕಳು ಸಿಕ್ಕರೆ ಅದೂ ಆಗುತ್ತದೆ. ಒಂದು ಗಂಟೆಯ ಪೀರಿಯಡ್ಡಿನಲ್ಲಿ ಹಾಳೆಗೆ 20 ನಿಮಿಷ ಸಾಕು, ಉಳಿದದ್ದು ಮಾಮೂಲಿ ಪಾಠ.

ಗುಂಪು ಮಾಡಿ ಬಿಟ್ಟರೆ ಮಕ್ಕಳು ತಾವೇ ಕಲಿಯುತ್ತಾರೆ ಎನ್ನುವವರನ್ನು ನಾನು ನಂಬುವುದಿಲ್ಲ. ಪರಮಾಣು ಸಂಖ್ಯೆಯನ್ನು ಕಂಡುಕೊಳ್ಳಲು ದೊಡ್ಡ ದೊಡ್ಡ ವಿಜ್ಞಾನಿಗಳಿಗೇ ದಶಕಗಳು ಬೇಕಾದವು. ನಮ್ಮ ಹುಡುಗ 20 ನಿಮಿಷದಲ್ಲಿ ತಾನಾಗಿ ಕಂಡುಹಿಡಿಯುತ್ತಾನೆಯೆ? ದಾರಿ ತೋರದ ಕಲಿಕೆ ಫಲ ಕೊಡುವುದಿಲ್ಲವೆಂದು ಕಿರ್ಶ್ನರ್, ಸ್ವೆಲ್ಲರ್, ಕ್ಲಾರ್ಕ್ ಎಂಬ ಮೂವರು 2006ರಲ್ಲೇ ಖಾರವಾಗಿ ಬರೆದರು. ಸರಿಯಾಗಿಯೇ ಬರೆದರು. ಹಾಳೆಯ ಪ್ರಾಣವೆಲ್ಲ ಪ್ರಶ್ನೆಗಳ ಸರದಿಯಲ್ಲಿದೆ. ಒಂದು ಮೆಟ್ಟಿಲು ಎತ್ತರವಾದರೆ ಇಡೀ ಕ್ಲಾಸು ಅಲ್ಲೇ ಕೂತುಬಿಡುತ್ತದೆ, ತೀರಾ ತಗ್ಗಾದರೆ ಹರಟೆ ಶುರು.

ಪುರಾವೆ ಕೇಳುವವರಿಗೆ: ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ 225 ಅಧ್ಯಯನಗಳನ್ನು ಒಟ್ಟುಹಾಕಿ 2014ರಲ್ಲಿ ಪ್ರಕಟಿಸಿದರು. ಬರೀ ಉಪನ್ಯಾಸದ ಕ್ಲಾಸುಗಳಲ್ಲಿ ನೂರಕ್ಕೆ ಸುಮಾರು 34 ಮಂದಿ ಫೇಲಾದರೆ, ಮಕ್ಕಳಿಗೆ ಕೆಲಸ ಕೊಟ್ಟ ಕ್ಲಾಸುಗಳಲ್ಲಿ ಸುಮಾರು 22. ಲಾಭ ಹೆಚ್ಚು ಕಂಡದ್ದು 50ರೊಳಗಿನ ಸಣ್ಣ ಕ್ಲಾಸುಗಳಲ್ಲಿ ಎಂಬುದನ್ನು ಮುಚ್ಚಿಡಬಾರದು. ದೊಡ್ಡವುಗಳಲ್ಲೂ ಇತ್ತು, ಸ್ವಲ್ಪ ಕಡಿಮೆ. 2019ರಲ್ಲಿ ಹಾರ್ವರ್ಡಿನ ಭೌತಶಾಸ್ತ್ರದ ಕ್ಲಾಸಿನಲ್ಲಿ ನಡೆದ ಪರೀಕ್ಷೆ ಇನ್ನೂ ಸ್ವಾರಸ್ಯದ್ದು. ಗುಂಪಿನಲ್ಲಿ ಕಲಿತವರು ಹೆಚ್ಚು ಅಂಕ ತೆಗೆದರು, ಆದರೆ ತಾವು ಕಡಿಮೆ ಕಲಿತೆವೆಂದು ಹೇಳಿಕೊಂಡರು. ಚೆನ್ನಾದ ಉಪನ್ಯಾಸ ಕೇಳಿದವರಿಗೆ ಹೆಚ್ಚು ಕಲಿತೆವೆಂಬ ನಂಬಿಕೆ. ತಲೆ ಬಿಸಿಯಾದದ್ದನ್ನು ಮಕ್ಕಳು ಕಲಿಯಲಿಲ್ಲ ಎಂದು ಲೆಕ್ಕ ಹಾಕುತ್ತಾರೆ. ನಮ್ಮಲ್ಲೂ ಯಾರಾದರೂ ಬಂದು "ಸಾರ್ ಪಾಠಾನೇ ಮಾಡಲ್ಲ, ಹಾಳೆ ಕೊಟ್ಟು ಸುಮ್ನಿರ್ತಾರೆ" ಎಂದು ದೂರು ಹೇಳಿದರೆ ಪ್ರಿನ್ಸಿಪಾಲರು ಈ ಸಂಗತಿಯನ್ನು ನೆನೆಸಿಕೊಳ್ಳಬೇಕು.

ರೇಡಿಯೊದಲ್ಲಿ ಕೂತು ಒಬ್ಬನೇ ಮಾತಾಡುತ್ತ ಒಬ್ಬರೇ ಮಾತಾಡಬಾರದೆನ್ನುವುದು ವಿಚಿತ್ರವೇ. ಆದರೆ ರೇಡಿಯೊದವರೂ ಗುಂಪು ಕಟ್ಟಿ ಕಲಿಸಿ ನೋಡಿದ್ದಾರೆ. 1956ರಲ್ಲಿ ಪುಣೆಯ ಸುತ್ತಿನ ಜಿಲ್ಲೆಗಳಲ್ಲಿ ಆಕಾಶವಾಣಿ ಯುನೆಸ್ಕೊ ಜೊತೆ ಸೇರಿ ಹಳ್ಳಿ ಹಳ್ಳಿಯಲ್ಲಿ ರೈತರ ಗುಂಪು ಕಟ್ಟಿತು. ಕಾರ್ಯಕ್ರಮ ಕೇಳುವುದು, ಮುಗಿದ ಮೇಲೆ ಕೂತು ಚರ್ಚಿಸುವುದು, ಪ್ರಶ್ನೆಗಳನ್ನು ಸ್ಟೇಷನ್ನಿಗೆ ಕಳಿಸುವುದು. ಬರೀ ರೇಡಿಯೊ ಇದ್ದ ಹಳ್ಳಿಗಳಿಗಿಂತ ಗುಂಪು ಇದ್ದ ಹಳ್ಳಿಗಳಲ್ಲಿ ಜನರ ತಿಳಿವಳಿಕೆ ಬಹಳ ಹೆಚ್ಚಿತೆಂದು ಆಮೇಲೆ ಅಳೆದು ನೋಡಿದವರು ಬರೆದರು. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಶಾಲೆಗಳಿಂದ ಹೊರಟ ವಿಜ್ಞಾನ ಕಾರ್ಯಕ್ರಮದಲ್ಲೂ ಮಕ್ಕಳು ನಾಲ್ವರ ಟೋಳಿಯಲ್ಲೇ ಪ್ರಯೋಗ ಮಾಡಿದರು. ಮೂವತ್ತು ವರ್ಷ ನಡೆದ ಅದನ್ನು 2002ರಲ್ಲಿ ಸರ್ಕಾರ ನಿಲ್ಲಿಸಿತು.

ಇನ್ನು ಭಾಷೆ. ಗುಂಪಿನ ಮಾತು ಕನ್ನಡದಲ್ಲಿರಲಿ, ಅದೂ ನಮ್ಮ ಕಡೆಯ ಕನ್ನಡದಲ್ಲಿ. ಬರೆಯುವ ಉತ್ತರ, ಬೋರ್ಡಿನ ಮೇಲಿನ ಪದ ಇಂಗ್ಲಿಷಿನಲ್ಲಿರಲಿ; ಪರೀಕ್ಷೆ ಆ ಭಾಷೆಯದು. ಯೋಚನೆ ಮಾಡಲು ಕೊಟ್ಟ 20 ನಿಮಿಷವನ್ನೂ ಇಂಗ್ಲಿಷಿಗೆ ಕಟ್ಟಿಹಾಕಿದರೆ ಮಾತಾಡುವವರು ಕಾನ್ವೆಂಟಿನಿಂದ ಬಂದ ನಾಲ್ಕೈದು ಮಂದಿ ಮಾತ್ರ. ಕನ್ನಡದಲ್ಲಿ ಮಾತಾಡಲು ಬಿಟ್ಟರೆ ಏನಾಗುತ್ತದೆಂದು ನೋಡಲು ಆಲೆಮನೆಯ ಮೇಲೊಂದು ಹಾಳೆಯನ್ನು ಯೋಚಿಸಿ. ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಕ್ಲಾಸಿನಲ್ಲಿ ಬೆಲ್ಲದ ಕೊಪ್ಪರಿಗೆ ನೋಡದ ಮಗು ಅಪರೂಪ. ಕಬ್ಬಿನ ಹಾಲಿನ ಪಿಎಚ್ ಐದು ಚಿಲ್ಲರೆ, ಅಂದರೆ ಸ್ವಲ್ಪ ಹುಳಿ. ಆ ಹುಳಿಯಲ್ಲೇ ಕಾಯಿಸುತ್ತ ಹೋದರೆ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ; ಬೆಲ್ಲ ಗಟ್ಟಿಯಾಗಿ ಅಚ್ಚು ನಿಲ್ಲುವುದಿಲ್ಲ. ಅದಕ್ಕೇ ಸುಣ್ಣದ ತಿಳಿ ಹಾಕುವುದು. ಎಷ್ಟು ಹಾಕಬೇಕು ಎಂಬ ಪ್ರಶ್ನೆ ಬಂದಾಗ, ಮಾರ್ಕ್ಸ್ ಕಾರ್ಡಿನಲ್ಲಿ ಹಿಂದಿರುವ ಹುಡುಗ ಮುಂದೆ ಬರುತ್ತಾನೆ: "ಸುಣ್ಣ ಜಾಸ್ತಿ ಬಿದ್ರೆ ಬೆಲ್ಲ ಕಪ್ಪಾಯ್ತದೆ ಕಣ್ಲಾ, ನಮ್ಮಪ್ಪ ಬೈತಾನೆ." ಕ್ಷಾರ ಹೆಚ್ಚಾದರೆ ಆ ಗ್ಲೂಕೋಸ್, ಫ್ರಕ್ಟೋಸ್ ಮುರಿದು ಬಣ್ಣ ಕಟ್ಟುತ್ತವೆ ಎಂಬುದು ಪುಸ್ತಕದ ಉತ್ತರ. ಅಪ್ಪನ ಬೈಗುಳದಿಂದ ಅಲ್ಲಿಗೆ ಮೂರು ಪ್ರಶ್ನೆಗಳ ದೂರ, ಆ ಮೂರನ್ನು ಬರೆಯುವುದು ಮೇಷ್ಟ್ರ ಕೆಲಸ. ಕಾಯುತ್ತ ಕಾಯುತ್ತ ಪಾಕದ ಬಿಸಿ 100 ಡಿಗ್ರಿ ದಾಟಿ 118ರ ಆಸುಪಾಸಿಗೆ ಬರುವುದೇಕೆ ಎಂಬುದು ಇನ್ನೊಂದು ಹಾಳೆಗೆ ಆಯಿತು.

ಪೋರ್ಷನ್ ಮುಗಿಯುವುದಿಲ್ಲ ಎನ್ನುತ್ತಾರೆ. ನಿಜ, ಎಲ್ಲಕ್ಕೂ ಹಾಳೆ ಕೊಡಲು ಹೋದರೆ ಮುಗಿಯುವುದಿಲ್ಲ. ಸಾವಯವ ಸಂಯುಕ್ತಗಳ ಹೆಸರಿಡುವ ನಿಯಮ, ಕಂಠಪಾಠದ ರಿಯಾಕ್ಷನ್ನುಗಳು, ಇವಕ್ಕೆ ಗುಂಪು ಕಟ್ಟುವುದು ಹೊತ್ತು ಹಾಳು. ನೇರ ಹೇಳಿ ಮುಗಿಸಿ. ಐಸೊಟೋಪ್, ಮೋಲ್, ಯಾವುದು ಮೊದಲು ಖರ್ಚಾಗುತ್ತದೆಂಬ ಲಿಮಿಟಿಂಗ್ ರಿಯೇಜೆಂಟಿನ ಲೆಕ್ಕ, ಪೀರಿಯಾಡಿಕ್ ಟೇಬಲ್ಲಿನ ಏರಿಳಿತ, ಈಕ್ವಿಲಿಬ್ರಿಯಂ. ವರ್ಷವರ್ಷವೂ ಮಕ್ಕಳು ಮುಗ್ಗರಿಸುವುದು ಈ ಐದಾರು ಕಡೆಯಲ್ಲೇ. ಅಷ್ಟಕ್ಕೆ ಹಾಳೆಯಿದ್ದರೆ ಸಾಕು. ಗುಂಪಿಗೊಂದು ಎಂದರೆ ಕ್ಲಾಸಿಗೆ 25 ಜೆರಾಕ್ಸ್. ಅದಕ್ಕೂ ದುಡ್ಡಿಲ್ಲದಿದ್ದರೆ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆದರಾಯಿತು.

ನಿಜವಾದ ಖರ್ಚು ಹಾಳೆ ಬರೆಯುವವರ ರಾತ್ರಿಯದು. ಈ ಕಾಲೇಜು ಆ ಕಾಲೇಜೆಂದು ಓಡಾಡುವ ಅತಿಥಿ ಉಪನ್ಯಾಸಕರಿಗೆ ಇನ್ನೊಂದು ಹೊರೆ ಹೊರಿಸಿ ಆದರ್ಶದ ಮಾತಾಡಲು ನನಗೆ ಮನಸ್ಸಿಲ್ಲ. ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಕಾರ್ಡುಗಳನ್ನು ಒಟ್ಟಿಗೆ ಕೂತು ಬರೆದರು ಎಂದೆನಲ್ಲ, ಇಲ್ಲೂ ಹಾಗೆಯೇ ಆಗಬೇಕು. ನಾಲ್ಕು ತಾಲ್ಲೂಕಿನ ಕೆಮಿಸ್ಟ್ರಿಯವರು ರಜೆಯಲ್ಲಿ ಒಂದೆಡೆ ಸೇರಿ ಒಬ್ಬೊಬ್ಬರು ಒಂದೊಂದು ಹಾಳೆ ಬರೆದರೂ ಒಂದು ವರ್ಷಕ್ಕೆ ಸಾಲುತ್ತದೆ. ಕ್ಲಾಸಿನಲ್ಲಿ ಎಲ್ಲಿ ಸಿಕ್ಕಿಬಿತ್ತು ಎಂಬುದನ್ನು ಹಾಳೆಯ ಅಂಚಿನಲ್ಲೇ ಗುರುತು ಹಾಕಿ ಮುಂದಿನವರಿಗೆ ದಾಟಿಸಬೇಕು. ಪಾಂಡವಪುರದಲ್ಲಿ ಎಡವಿದ ಮೂರನೇ ಪ್ರಶ್ನೆ ನಾಗಮಂಗಲಕ್ಕೆ ಹೋಗುವಾಗ ತಿದ್ದಿಕೊಂಡಿರುತ್ತದೆ.

ಶುರು ಮಾಡುವವರಿಗೆ ಒಂದು ಸಲಹೆ. ಪಿಯುಸಿ ಪುಸ್ತಕದ ಮೊದಲ ಅಧ್ಯಾಯದಲ್ಲೇ ಮೋಲ್ ಇದೆಯೆಂದು ಅದರಿಂದ ಹೊರಡಬೇಡಿ, ಅದು ಕಷ್ಟದ ಹಾಳೆ. ಮೊದಲು ಸುಲಭದ್ದೊಂದನ್ನು ಕೊಟ್ಟು ಪಾತ್ರಗಳು ರೂಢಿಯಾಗಲಿ. ಗುಂಪುಗಳನ್ನು ನೀವೇ ಮಾಡಿ. ಅವರಿಗೇ ಬಿಟ್ಟರೆ ಒಂದೇ ಬಸ್ಸಿನವರು ಒಂದೇ ಕಡೆ ಸೇರುತ್ತಾರೆ. ಮೊದಲ ವಾರ ವಿಪರೀತ ಗದ್ದಲವಿರುತ್ತದೆ. ಪಕ್ಕದ ರೂಮಿನ ಲೆಕ್ಚರರ್‌ಗೆ ಮುಂಚೆಯೇ ಒಂದು ಮಾತು ಹೇಳಿಟ್ಟಿರಿ.